ವಾರಕ್ಕೆ ಎಷ್ಟು ಸಲ ಬಜಾರಿಗೆ? ಡೊಂಬಿವಲಿಯಲ್ಲಿ ನಾನು ಲೆಕ್ಕ ಹಾಕಿದ್ದು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕನ್ನಡದವರು ಸಾಕಷ್ಟಿದ್ದೇವೆ. ಯಾವ ಮನೆಯವರು ಎಷ್ಟು ಸಲ ಸಾಮಾನು ತರಲು ಹೋಗುತ್ತಾರೆ, ಯಾಕೆ, ಅಂತ ಸಂಖ್ಯಾಶಾಸ್ತ್ರದ ಒಂದು ಮಾದರಿ (ಮಾಡೆಲ್) ಕಟ್ಟೋಣ ಅಂತ ಹೊರಟೆ. ಮೊದಲು "ನಿನ್ನೆ ಎಷ್ಟು ಸಲ ಹೋಗಿದ್ರಿ?" ಅಂತ ಕೇಳಿದೆ. ಪ್ರಯಾಣ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಒಂದೇ ದಿನದ ಲೆಕ್ಕ ತಗೊಳ್ಳುತ್ತಾರೆ. ಆದರೆ ನನ್ನ ಹಾಳೆ ತುಂಬ ಬರೀ ಸೊನ್ನೆ. ನಿನ್ನೆ ಹೋಗದವರು ಮೊನ್ನೆ ಹೋಗಿರಬಹುದು, ಅಲ್ವಾ? ಹಾಗಾಗಿ ಏಳು ದಿನ ಬರೆದಿಡಿ ಅಂತ ಮನೆಮನೆಗೆ ಹಾಳೆ ಕೊಟ್ಟೆ.

ಪಕ್ಕದ ಮನೆಯ ಅಕ್ಕ ವಾರದ ನಂತರವೂ ಸೊನ್ನೆ ಬರೆದು ಕೊಟ್ಟರು. ಅವರಿಗೆ ಮುಂಬೈಯಲ್ಲಿ ಆಫೀಸು. "ನಾನೆಲ್ಲಿ ಬಜಾರಿಗೆ ಹೋಗ್ತೀನಪ್ಪ? ಟ್ರೇನ್ ಇಳಿದು ಬರುವಾಗ ಸ್ಟೇಶನ್ ಹೊರಗೆ ಭಾಜಿ (ತರಕಾರಿ) ತಗೊಂಡು ಬರ್ತೀನಿ, ಅಷ್ಟೇ" ಅಂದರು. ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಮನೆಯಿಂದ ಹೊರಟು ಹೋಗಿ ಬರುವುದು ಒಂದು, ದಾರಿಯಲ್ಲಿ ನಿಂತು ಕೊಳ್ಳುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಾಲಂ ಮಾಡಿ ಮತ್ತೆ ಒಂದು ವಾರ ಬರೆಸಿದೆ. ಸುಮ್ನೆ ಕೂಡಿಸಿಬಿಟ್ಟಿದ್ದರೆ ಯಾವುದು ಯಾವುದರ ಬದಲಿಗೆ ಬಂತು ಅಂತ ಗೊತ್ತಾಗುತ್ತಿರಲಿಲ್ಲ.

ಲೆಕ್ಕಕ್ಕೆ ಮೊದಲು ಪಾಯ್ಸಾನ್ ರಿಗ್ರೆಶನ್ ಹಾಕಿದೆ, ಅಂದರೆ ಎಷ್ಟು ಸಲ ಅನ್ನುವ ಎಣಿಕೆಯನ್ನು ಅದರ ಕಾರಣಗಳಿಗೆ ಜೋಡಿಸುವ ಮಾದರಿ; ಎಣಿಕೆಗೆ ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಆದರೆ ಅದು ಸರಾಸರಿ ಮತ್ತು ವೇರಿಯನ್ಸ್ (ಸಂಖ್ಯೆಗಳು ಎಷ್ಟು ಚದುರಿವೆ ಅನ್ನುವ ಅಳತೆ) ಸಮ ಅಂತ ನಂಬುತ್ತದೆ. ವಾರಕ್ಕೆ ಸರಾಸರಿ 3 ಸಲ ಅಂದರೆ ಅದರ ಪ್ರಕಾರ 100 ಮನೆಗಳಲ್ಲಿ ಸುಮಾರು 5 ಮಾತ್ರ ಸೊನ್ನೆ ಇರಬೇಕು. ನನ್ನಲ್ಲಿ ಸೊನ್ನೆಯೂ ಜಾಸ್ತಿ, ದಿನಾ ಹೋಗುವವರೂ ಜಾಸ್ತಿ. ಕಾರಣ ಕಣ್ಣೆದುರಿಗೇ ಇದೆ: ಒಬ್ಬರು ದಿನಾ ತಾಜಾ ಸೊಪ್ಪು ಬೇಕು ಅನ್ನುತ್ತಾರೆ, ಇನ್ನೊಬ್ಬರು ತಿಂಗಳ ಸಾಮಾನು ಒಂದೇ ಸಲ ತುಂಬಿಸುತ್ತಾರೆ. ಒಬ್ಬೊಬ್ಬರ ದರ ಒಂದೊಂದು. ಈ ದರಗಳು ಗಾಮಾ ಹಂಚಿಕೆಯಲ್ಲಿವೆ (ಸೊನ್ನೆಗಿಂತ ಹೆಚ್ಚಿನ ಸಂಖ್ಯೆಗಳು ಹೇಗೆ ಹರಡಿವೆ ಅಂತ ಹೇಳುವ ಒಂದು ಸೂತ್ರ) ಅಂತ ಹಿಡಿದರೆ ನೆಗೆಟಿವ್ ಬೈನಾಮಿಯಲ್ ಅನ್ನುವ ಮಾದರಿ ಬರುತ್ತದೆ, ಅದರಲ್ಲಿ ವೇರಿಯನ್ಸ್ ಸರಾಸರಿಗಿಂತ ಹೆಚ್ಚಿರಬಹುದು. ಸಂಖ್ಯಾಶಾಸ್ತ್ರಜ್ಞ ಎಹ್ರೆನ್‌ಬರ್ಗ್ 1959ರಲ್ಲೇ ಜನರ ಖರೀದಿಗೆ ಇದನ್ನು ಹೊಂದಿಸಿ ತೋರಿಸಿದ್ದರು. ಲೆಕ್ಕಕ್ಕೆ ಬಳಸುವ ಆರ್ (R) ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಮಾಸ್ (MASS) ಪ್ಯಾಕೇಜಿನಲ್ಲಿ ಒಂದೇ ಸಾಲಿನ ಕೆಲಸ.

ಎಲ್ಲಾ ಸಾಮಾನು ಬಾಗಿಲಿಗೇ ತರಿಸುವ ವಯಸ್ಸಾದ ದಂಪತಿಯ ಸೊನ್ನೆ ಮಾತ್ರ ಬೇರೆ ಜಾತಿಯದು. ಅದಕ್ಕೆ, ಎಂದೂ ಹೋಗದವರ ಸೊನ್ನೆಯನ್ನು ಬೇರೆಯಾಗಿ ಹಿಡಿಯುವ ಜೀರೋ-ಇನ್‌ಫ್ಲೇಟೆಡ್ ಮಾದರಿ ಇದೆ, ಆದರೆ ಅಂಥವರು ನನ್ನಲ್ಲಿ ಬೆರಳೆಣಿಕೆಯಷ್ಟು, ಹಾಗಾಗಿ ಬಿಟ್ಟೆ.

ಮೊದಲ ಹಾಳೆಯಲ್ಲಿ ಆಫೀಸಿಗೆ ಹೋಗುವ ಹೆಂಗಸರು ಕಡಿಮೆ ಖರೀದಿ ಮಾಡುವ ಹಾಗೆ ಕಾಣುತ್ತಿತ್ತು. ದಾರಿಯ ಕಾಲಂ ಸೇರಿಸಿದ ಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ. ಅಕ್ಕನ ಎರಡನೇ ಹಾಳೆಯ ದಾರಿಯ ಕಾಲಂನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಒಂದೊಂದು ಗೆರೆ ಇತ್ತು.