ಕಂಕುಳ ವಾಸನೆ: ಡಿಯೋಡರೆಂಟ್ ಹಚ್ಚುವ ಕ್ರಮವೂ ಮುಖ್ಯ

ಆಗತಾನೇ ಒಸರಿದ ಬೆವರಿಗೆ ಹೇಳಿಕೊಳ್ಳುವಂತಹ ವಾಸನೆ ಇರುವುದಿಲ್ಲವೆಂದರೆ ಹಲವರು ನಂಬುವುದಿಲ್ಲ. ಕಂಕುಳಿನ ಅಪೋಕ್ರೈನ್ ಎಂಬ ಬೆವರುಗ್ರಂಥಿಗಳು ಸ್ರವಿಸುವ ದ್ರವವನ್ನು ಕೊರಿನೆಬ್ಯಾಕ್ಟೀರಿಯಂ, ಸ್ಟ್ಯಾಫಿಲೊಕಾಕಸ್ ಹೋಮಿನಿಸ್ ಮುಂತಾದ ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ಕೊಬ್ಬಿನಾಮ್ಲಗಳು ಮತ್ತು ಗಂಧಕವಿರುವ ಸಂಯುಕ್ತಗಳೇ ಆ ಘಾಟಿಗೆ ಕಾರಣ. ಗಂಧಕದ ಸಂಯುಕ್ತಗಳಂತೂ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ಥಟ್ಟನೆ ಬಡಿಯುತ್ತವೆ.

ಸೂಕ್ಷ್ಮಾಣುನಾಶಕ ಡಿಯೋಡರೆಂಟ್‌ಗಳಲ್ಲಿರುವ ಆಲ್ಕೋಹಾಲ್, ಎಥೈಲ್‌ಹೆಕ್ಸೈಲ್‌ಗ್ಲಿಸರಿನ್‌ನಂತಹ ಅಂಶಗಳು ಈ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಇಲ್ಲವೇ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಬೆವರನ್ನೇ ತಗ್ಗಿಸುವುದು ಅಲ್ಯೂಮಿನಿಯಂ ಲವಣಗಳಿರುವ ಆಂಟಿಪರ್ಸ್ಪಿರೆಂಟ್‌ನ ಕೆಲಸ. ಬರೀ ಸುಗಂಧವನ್ನು ನಂಬಿ ಕೊಳ್ಳುವ ಬದಲು ಡಬ್ಬಿಯ ಹಿಂದಿನ ಪಟ್ಟಿಯನ್ನು ಒಮ್ಮೆ ಓದುವುದು ಒಳ್ಳೆಯದು (ಅಕ್ಷರ ಸಣ್ಣದಾಗಿರುತ್ತದೆ, ನಿಜ).

ವಾಸನೆ ಬಂದ ಮೇಲೆ ಸ್ಪ್ರೇ ಹೊಡೆದುಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಬ್ಯಾಕ್ಟೀರಿಯಾ ಸತ್ತರೂ ಅವು ಆಗಲೇ ಉಂಟುಮಾಡಿದ ವಸ್ತುಗಳು ಚರ್ಮದ ಮೇಲೂ ಕೂದಲಿನಲ್ಲೂ ಉಳಿದೇ ಇರುತ್ತವೆ. ಆದ್ದರಿಂದ ಕಂಕುಳನ್ನು ಸೋಪಿನಿಂದ ತೊಳೆದು, ಟವೆಲಿನಿಂದ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಡಿಯೋಡರೆಂಟ್ ಹಚ್ಚಿ, ಅದು ಆರಿದ ನಂತರವೇ ಬಟ್ಟೆ ತೊಡಬೇಕು. ಆಂಟಿಪರ್ಸ್ಪಿರೆಂಟ್ ಆದರೆ, ಬೆವರು ಕಡಿಮೆ ಇರುವ ರಾತ್ರಿಯ ಹೊತ್ತಿನಲ್ಲಿ, ಮಲಗುವ ಮುನ್ನ ಹಚ್ಚುವುದು ಹೆಚ್ಚು ಪರಿಣಾಮಕಾರಿ.

ಕೂದಲು ಬೋಳಿಸಿದ ಕೂಡಲೇ ಆಲ್ಕೋಹಾಲ್ ಇರುವುದನ್ನು ಹಚ್ಚಿದರೆ ಉರಿಯುತ್ತದೆ. ಒಂದು ರಾತ್ರಿ ಬಿಡಿ. ಪಾಲಿಯೆಸ್ಟರ್ ಅಂಗಿಯ ಕಂಕುಳ ಹೊಲಿಗೆಯಲ್ಲಿ ಒಗೆದ ಮೇಲೂ ವಾಸನೆ ಉಳಿಯುವುದುಂಟು, ಅಂತಹ ಕಡೆ ಡಿಯೋಡರೆಂಟ್ ಅನ್ನು ದೂರಿ ಫಲವಿಲ್ಲ. ತುರಿಕೆ ಅಥವಾ ಗುಳ್ಳೆ ಕಾಣಿಸಿಕೊಂಡರೆ ಬಳಕೆ ನಿಲ್ಲಿಸಿ ಚರ್ಮವೈದ್ಯರನ್ನು ಕಾಣಿರಿ.