ಬೋಟಿನ ಹಂಡೆ ನಮ್ಮ ಬಚ್ಚಲಿಗೆ ಬಂದದ್ದು

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆಯಲ್ಲಿ ಹಸಿ ಸೌದೆ ಹಾಕಿ ಬಚ್ಚಲ ಒಲೆ ಊದಿದವರಿಗೆ ನಾನು ಹೇಳುವ ಕಷ್ಟ ಗೊತ್ತಿರುತ್ತದೆ. ನಮ್ಮ ಮನೆ ಕಕ್ಕಬ್ಬೆಯ ಹತ್ತಿರ, ತಡಿಯಂಡಮೋಳ್ ಬೆಟ್ಟದ ಕಡೆಗೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಮಾಡಿನ ಮೇಲಿನ ಸೋಲಾರ್ ಸುಮ್ಮನೆ ನೆನೆಯುತ್ತಿರುತ್ತದೆ. ಲೈನ್ ಮೇಲೆ ಒಂದು ಮರ ಬಿತ್ತೆಂದರೆ ಎರಡು ದಿನ, ನಾಲ್ಕು ದಿನ ಕರೆಂಟ್ ಇಲ್ಲ. ಗೀಸರ್ ಇದ್ದೂ ಇಲ್ಲದ ಹಾಗೆ. ಆದರೂ ಫ್ರಿಜ್, ಬಾವಿ ಪಂಪು, ಫೋನು ಅಂತ ಸಂಜೆ ಒಂದೂವರೆ ಗಂಟೆ ಜನರೇಟರ್ ಓಡಿಸಿಯೇ ಓಡಿಸುತ್ತೇವೆ. ಒಂದು ಸಂಜೆ ಅಮ್ಮ ಅದರ ರೇಡಿಯೇಟರ್ ಗಾಳಿಗೆ ಮಕ್ಕಳ ಸ್ವೆಟರ್ ಹಿಡಿದು ಒಣಗಿಸುತ್ತಿದ್ದರು. ಅದನ್ನು ಕಂಡು ನನಗೆ ಕೊಚ್ಚಿ ನೆನಪಾಯಿತು.

ಕೊಚ್ಚಿಯಲ್ಲಿ ನಾನು ಒಂಬತ್ತು ವರ್ಷ ಬೋಟ್ ರಿಪೇರಿ ಮಾಡಿದ್ದೇನೆ. ಬೋಳ್ಗಾಟಿಯ ಮರೀನಾದಲ್ಲಿ ತಂಗುವ ಹಾಯಿದೋಣಿಗಳಲ್ಲಿ ಎಂಜಿನ್ ಮಗ್ಗುಲಿಗೆ ಒಂದು ಸಣ್ಣ ಹಂಡೆ ಇರುತ್ತದೆ. ಕ್ಯಾಲೊರಿಫೈಯರ್ ಅನ್ನುತ್ತಾರೆ. ಸುತ್ತ ದಪ್ಪ ಫೋಮ್, ಒಳಗೆ ತಾಮ್ರದ ಅಥವಾ ಸ್ಟೀಲಿನ ಸುರುಳಿ. ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಸುರುಳಿಯೊಳಗೆ ಸುತ್ತುತ್ತದೆ, ಸ್ನಾನದ ನೀರು ಸುರುಳಿಯ ಹೊರಗೆ ನಿಂತಿರುತ್ತದೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಯ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಮಿಕ್ಕದ್ದು ಹೊಗೆಯಲ್ಲಿ, ಕೂಲೆಂಟಿನಲ್ಲಿ ಹೋಗಿಬಿಡುತ್ತದೆ. ಬೋಟಿನವರು ಆ ಕೂಲೆಂಟಿನ ಪಾಲಿನಲ್ಲೇ ಮೀಯುತ್ತಾರೆ.

ಲೆಕ್ಕ ಹಾಕಿ ನೋಡಿದೆ. 60 ಲೀಟರ್ ನೀರನ್ನು 20 ಡಿಗ್ರಿಯಿಂದ 70ಕ್ಕೆ ಏರಿಸಲು ಸುಮಾರು ಮೂರೂವರೆ ಯೂನಿಟ್ ಶಾಖ ಸಾಕು. ಪಂಪು ಓಡುವಾಗ ನಮ್ಮ ಮೂರು ಸಿಲಿಂಡರ್ ಜನರೇಟರ್ ಗಂಟೆಗೆ ಅದಕ್ಕಿಂತ ಹೆಚ್ಚನ್ನೇ ರೇಡಿಯೇಟರ್‌ಗೆ ಎಸೆಯುತ್ತದೆ. 70ರ ನೀರಿಗೆ ತಣ್ಣೀರು ಬೆರೆಸಿದರೆ ನೂರು ಲೀಟರ್ ದಾಟುತ್ತದೆ, ಮನೆಮಂದಿಯ ಸ್ನಾನಕ್ಕೆ ಧಾರಾಳ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಇದು ನೀರಿನಿಂದ ತಣಿಯುವ ಎಂಜಿನ್ನಿಗೆ ಮಾತ್ರ. ತೋಟಗಳಲ್ಲಿ ಇರುವ ಗಾಳಿಯಿಂದ ತಣಿಯುವ ಸಣ್ಣ ಜನರೇಟರ್‌ಗಳಿಗೆ ಆಗದು.

ಕೊಚ್ಚಿಯಿಂದ ಒಂದು ಹಳೇ ಹಂಡೆ ತರಿಸಿದೆ. ಬಿಚ್ಚಿದ ಬೋಟಿನದು, ನೋಡಲು ಚೆನ್ನಾಗಿಯೇ ಇತ್ತು. ಹಾಗೇ ಕೂರಿಸಿಬಿಡುವ ಆತುರವಿತ್ತು. ಆದರೆ ಹಿಂದಿನ ರಾತ್ರಿ ಒತ್ತಡದ ಲೆಕ್ಕ ಬರೆಯುತ್ತಿದ್ದಾಗ ಕೈ ನಿಂತುಬಿಟ್ಟಿತು. ಬೋಟಿನಲ್ಲಿ ಸ್ನಾನದ ನೀರನ್ನು ಪಂಪು ತಳ್ಳುತ್ತದೆ, ಒತ್ತಡ (ಚದರ ಸೆಂಟಿಮೀಟರಿಗೆ) ಎರಡು ಮೂರು ಕೆಜಿ. ಕೂಲೆಂಟಿನ ಒತ್ತಡ ಒಂದು ಕೆಜಿಯೊಳಗೆ. ಸುರುಳಿ ತೂತಾದರೆ ಒಳ್ಳೇ ನೀರು ಎಂಜಿನ್ ಕಡೆಗೆ ನುಗ್ಗುತ್ತದೆ, ರೇಡಿಯೇಟರ್ ಉಕ್ಕಿ ನಿಮಗೆ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ನೀರು ಬರುವುದು ಮಾಡಿನ ಮೇಲಿನ ಟ್ಯಾಂಕಿನಿಂದ. ಎತ್ತರ ಐದು ಮೀಟರ್, ಅಂದರೆ ಒತ್ತಡ ಅರ್ಧ ಕೆಜಿ. ರೇಡಿಯೇಟರ್ ಮುಚ್ಚಳದ ಮೇಲೆ ಬರೆದಿರುವುದು 0.9. ಇಲ್ಲಿ ಎಲ್ಲ ತಲೆಕೆಳಗು: ತೂತಾದರೆ, ಎಂಜಿನ್ ಕಾದಿರುವಾಗ ಕೂಲೆಂಟೇ ಸ್ನಾನದ ನೀರಿಗೆ ಬರಬಹುದು. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಬೇರೆ ಸಿಹಿ. ಮೀಯುವಾಗ ಬಾಯಿಗೆ ನೀರು ತುಂಬಿಕೊಂಡು ಪಿಚಕಾರಿ ಬಿಡುವ ಇಬ್ಬರು ಮಕ್ಕಳು ನಮ್ಮ ಮನೆಯಲ್ಲಿದ್ದಾರೆ.

ಮರುದಿನ ನಾಪೋಕ್ಲಿನಿಂದ ಪಂಕ್ಚರ್ ಅಂಗಡಿಯ ಗಾಳಿ ಪಂಪು ಎರವಲು ತಂದೆ. ಸುರುಳಿಯ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಎರಡು ಕೆಜಿ ಗಾಳಿ ಕೊಟ್ಟು, ಹಂಡೆ ತುಂಬ ನೀರು ತುಂಬಿಸಿ ಮೇಲಿನ ಬಾಯಿಯಿಂದ ಟಾರ್ಚ್ ಬಿಟ್ಟು ನೋಡುತ್ತ ಕೂತೆ. ಹತ್ತು ನಿಮಿಷಕ್ಕೆ ಒಂದು ಗುಳ್ಳೆ. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು. ಬೆಸುಗೆಯ ಜಾಗದಲ್ಲಿ ಸೂಜಿಮೊನೆಯಷ್ಟು ತೂತು. ಆ ಹಂಡೆಯನ್ನು ಅಲ್ಲಿಗೇ ಬಿಟ್ಟೆ. ಕುಶಾಲನಗರದ ಒಂದು ವರ್ಕ್‌ಶಾಪಿನಲ್ಲಿ ಹೊಸ ಸ್ಟೀಲ್ ಹಂಡೆ ಮಾಡಿಸಿದೆ. ಸುರುಳಿಗೆ ಒಂದೇ ಉದ್ದದ ತಾಮ್ರದ ಪೈಪು, ಹಂಡೆಯ ಒಳಗಡೆ ಎಲ್ಲೂ ಜೋಡಣೆ ಬೇಡ ಎಂದು ಹಟ ಹಿಡಿದೆ. ಅದಕ್ಕೂ ರಾತ್ರಿಯಿಡೀ ಗಾಳಿ ನಿಲ್ಲಿಸಿ ಗೇಜ್ ನೋಡಿದೆ. ಮುಳ್ಳು ಕದಲಲಿಲ್ಲ. ಎಂಜಿನ್ನಿನ ಹಳೇ ಕೂಲೆಂಟ್ ಪೂರ್ತಿ ಇಳಿಸಿ, ಎರಡು ಸಲ ತೊಳೆದು, ಕಡಿಮೆ ವಿಷದ ಪ್ರೊಪಿಲೀನ್ ಗ್ಲೈಕಾಲ್ ತುಂಬಿದೆ. ಆಮೇಲೂ ಅಡುಗೆಮನೆಗೆ ಈ ಪೈಪು ಎಳೆಯಲಿಲ್ಲ. ಅಮ್ಮ ಎಷ್ಟು ಕೇಳಿದರೂ ಎಳೆಯಲಿಲ್ಲ.

ಎಂಜಿನ್ನಿಗೆ ಪೈಪು ಸೇರಿಸುವುದು ಅಂಥ ಕಷ್ಟವಲ್ಲ. ಜೀಪಿನಲ್ಲಿ ಹೀಟರ್ ಪೈಪು ಎಲ್ಲಿಂದ ಹೊರಡುತ್ತದೋ ಅಲ್ಲಿಂದಲೇ: ಥರ್ಮೋಸ್ಟಾಟ್‌ಗಿಂತ (ಎಂಜಿನ್ ಕಾಯುವವರೆಗೆ ರೇಡಿಯೇಟರ್ ದಾರಿ ಮುಚ್ಚಿಡುವ ವಾಲ್ವ್) ಮುಂಚೆ, ಸಿಲಿಂಡರ್ ಹೆಡ್ ಬಳಿ ಒಂದು ಪ್ಲಗ್ ಇತ್ತು. ವಾಪಸ್ ಬರುವ ಪೈಪು ವಾಟರ್ ಪಂಪು ಹೀರುವ ಕಡೆಗೆ. ಥರ್ಮೋಸ್ಟಾಟ್ ಆಚೆಯಿಂದ ತೆಗೆದರೆ ಎಂಜಿನ್ ಕಾಯುವವರೆಗೆ ಹಂಡೆಗೆ ಏನೂ ಬರುವುದಿಲ್ಲ. ಹೋಸು ಹೀಟರ್ ಹೋಸೇ ಆಗಬೇಕು, ತೋಟದ ಪೈಪು ಅಲ್ಲ. ಪ್ರತಿ ತುದಿಗೂ ಎರಡೆರಡು ಕ್ಲಿಪ್.

ಮೊದಲ ದಿನ ಅರ್ಧ ಗಂಟೆ ಓಡಿಸಿದರೂ ಹಂಡೆ ತಣ್ಣಗೇ ಇತ್ತು. ಹೋಗುವ ಹೋಸು ಮುಟ್ಟಿದರೆ ಎಂಜಿನ್ ಬಳಿ ಸುಡುತ್ತಿತ್ತು, ಎರಡಡಿ ಆಚೆ ಬೆಚ್ಚಗೂ ಇಲ್ಲ. ಗಾಳಿ ಸಿಕ್ಕಿಕೊಂಡಿತ್ತು. ನೋಡಲು ಅಚ್ಚುಕಟ್ಟಾಗಿರಲಿ ಅಂತ ಹಂಡೆಯನ್ನು ಸ್ಟ್ಯಾಂಡ್ ಮೇಲೆ ಇಟ್ಟಿದ್ದೆ, ಸುರುಳಿಯ ನೆತ್ತಿ ರೇಡಿಯೇಟರ್ ಮುಚ್ಚಳಕ್ಕಿಂತ ಒಂದಡಿ ಮೇಲಿತ್ತು. ಬೋಟಿನಲ್ಲಿ ಹಂಡೆ ಯಾಕೆ ಅಷ್ಟು ಕೆಳಗೆ, ಕೈ ಹೋಗದ ಜಾಗದಲ್ಲಿ ಇರುತ್ತದೆ ಎಂದು ಒಂಬತ್ತು ವರ್ಷ ಗೊಣಗಿದ್ದವನಿಗೆ ಆಗ ಅರ್ಥವಾಯಿತು. ಎಂಜಿನ್ ತಣಿಯುವವರೆಗೆ ಕಾದು (ಬಿಸಿ ಇರುವಾಗ ಆ ಮುಚ್ಚಳ ತೆಗೆಯಬಾರದು, ನಮ್ಮ ಎತ್ತರದಲ್ಲಿ ನೀರು ನೂರಕ್ಕೆ ಮೊದಲೇ ಕುದಿಯುತ್ತದೆ), ಸ್ಟ್ಯಾಂಡ್ ತೆಗೆದು ಹಂಡೆಯನ್ನು ನೆಲಕ್ಕಿಳಿಸಿ, ಹೋಸು ಎಲ್ಲೂ ಗೂನು ಏಳದ ಹಾಗೆ ಕಟ್ಟಿ, ಕೂಲೆಂಟ್ ಮತ್ತೆ ತುಂಬಿದೆ. ಎರಡನೇ ಸಲ ಐವತ್ತು ನಿಮಿಷಕ್ಕೆ 68 ಡಿಗ್ರಿ.

ನೀರು ಕಾದಾಗ ಉಬ್ಬುತ್ತದೆ, 60 ಲೀಟರ್‌ಗೆ ಹತ್ತಿರ ಹತ್ತಿರ ಒಂದೂಕಾಲು ಲೀಟರ್. ಬೋಟಿನಲ್ಲಿ ಅದಕ್ಕೆ ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಬೇಕೇ ಬೇಕು. ನಾನು ಅದನ್ನೂ ಹಾಕಿ, ಹಂಡೆಯ ನೆತ್ತಿಯಿಂದ ಒಂದು ತೆರೆದ ಪೈಪನ್ನು ಮಾಡಿನ ಟ್ಯಾಂಕಿಗಿಂತ ಮೇಲಕ್ಕೆ ಬಿಟ್ಟಿದ್ದೇನೆ. ಆ ಪೈಪಿಗೆ ಯಾರೂ ಯಾವತ್ತೂ ನಲ್ಲಿ ಹಾಕಬಾರದು.

ಬಚ್ಚಲಿಗೆ ಹೋಗುವ ಮುಂಚೆ, ತಾನೇ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಇದೆ. ಅದರಿಂದ 45 ಡಿಗ್ರಿಗಿಂತ ಬಿಸಿ ನೀರು ಹೊರಡುವುದಿಲ್ಲ. ಇದರಲ್ಲಿ ದುಡ್ಡು ಉಳಿಸಬೇಡಿ. 70 ಡಿಗ್ರಿಯ ನೀರು ಮಗುವಿನ ಚರ್ಮವನ್ನು ಕ್ಷಣದಲ್ಲಿ ಸುಡುತ್ತದೆ. ಎಂಜಿನ್ ಶೆಡ್ಡಿನಿಂದ ಬಚ್ಚಲಿಗೆ ಪೈಪು ಬರುವ ಗೋಡೆಯ ತೂತನ್ನು ಸಿಮೆಂಟ್ ಹಾಕಿ ಪೂರ್ತಿ ಮುಚ್ಚಿದೆ, ಶೆಡ್ಡಿನ ಹೊಗೆ ಆ ಸಂದಿಯಲ್ಲಿ ಒಳಗೆ ಬರಬಾರದು.

ಹಳೇ ಬಚ್ಚಲ ಒಲೆಯನ್ನು ನಾವು ಒಡೆದಿಲ್ಲ. ಕಕ್ಕಡ 18ರಂದು ಮದ್ದು ಸೊಪ್ಪಿನ ಪಾಯಸ ಉಂಡ ಮೇಲೆ ಅಮ್ಮ ಒಲೆಯ ನೀರಿನಲ್ಲೇ ಮಿಂದರು, ಅದು ಅವರ ಅಭ್ಯಾಸ. ಮಿಕ್ಕ ದಿನ ಎಲ್ಲರಿಗೂ ಹೊಸ ಹಂಡೆಯದೇ. ಸಂಜೆ ಜನರೇಟರ್ ಹಾಕುವ ಮುಂಚೆ ಕೂಲೆಂಟ್ ಬಾಟಲಿಯ ಮೇಲೆ ನಾನು ಎಳೆದ ಕಪ್ಪು ಗೆರೆ ನೋಡುತ್ತೇನೆ. ಮಟ್ಟ ಗೆರೆಯಿಂದ ಒಂದು ಬೆರಳು ಇಳಿದರೂ ಆ ದಿನ ಬಚ್ಚಲ ನಲ್ಲಿ ಬಂದ್, ಸುರುಳಿಗೆ ಮತ್ತೆ ಗಾಳಿ ಪರೀಕ್ಷೆ. ಈ ಮಳೆಗಾಲ ಮುಗಿಯುತ್ತ ಬಂತು, ಇನ್ನೂ ಇಳಿದಿಲ್ಲ.