ಮರದ ಗ್ಲೈಡರಿನಿಂದ ಆರಂಭಿಸಿದ ಜೀವನಚರಿತ್ರೆ

ಕಾರವಾರದ ಟಾಗೋರ್ ಕಡಲತೀರದಲ್ಲಿ, ಐಎನ್‌ಎಸ್ ಚಪಲ್ ನೌಕೆಯ ಬಳಿ, ನೌಕಾಪಡೆಯಿಂದ 2017ರಲ್ಲಿ ನಿವೃತ್ತವಾದ ಟುಪೊಲೆವ್-142 ವಿಮಾನವನ್ನು ತಂದು ನಿಲ್ಲಿಸಿದ ಮೇಲೆ ನಮ್ಮ ಪ್ರೌಢಶಾಲೆಯ ಮಕ್ಕಳ ಪ್ರಶ್ನೆಗಳು ಹೆಚ್ಚಾದವು. ‘ಮೊಟ್ಟಮೊದಲು ಹಾರಿಸಿದವರಿಗೆ ಇದನ್ನು ಹಾರಿಸಲು ಕಲಿಸಿದವರು ಯಾರು ಸರ್?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅದಕ್ಕೆ ಉತ್ತರವಾಗಿ ನಾನು, ಹೊಸ ವಿಮಾನಗಳನ್ನು ಮೊದಲು ಹಾರಿಸಿ ಪರೀಕ್ಷಿಸುವ ಟೆಸ್ಟ್ ಪೈಲಟ್ ಆಗಿದ್ದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರ ಜೀವನವನ್ನು ಮಕ್ಕಳಿಗಾಗಿ ಬರೆಯಲು ಕುಳಿತೆ.

ಮೊದಲ ಕರಡು ಕೆಟ್ಟಿತು. 1920ರಲ್ಲಿ ಜನನ, ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಯುಪಡೆ, ಅನಂತರ ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್, ಆಮೇಲೆ ಬೆಂಗಳೂರಿನ ಎಚ್‌ಎಎಲ್ ಎಂದು ಸಾಗಿದ ಅದು ಸೇವಾ ಪುಸ್ತಕದ ನಕಲಿನಂತಿತ್ತು. ತಂದೆ ಸುಧಿ ರಂಜನ್ ದಾಸ್ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, ಶಾಂತಿನಿಕೇತನದಲ್ಲಿ ಟಾಗೋರರ ಶಿಷ್ಯರು ಎಂಬುದು ನಮ್ಮ ಕಡಲತೀರದ ಹೆಸರಿಗೆ ಹೊಂದುತ್ತದೆಂದು ಅದಕ್ಕೇ ಒಂದು ಪುಟ ಖರ್ಚು ಮಾಡಿದ್ದೆ; ಕೊನೆಗೆ ಒಂದು ವಾಕ್ಯ ಉಳಿಸಿಕೊಂಡೆ.

ದಾರಿ ತೋರಿಸಿದವರು ಬೈತಖೋಲ ಬಂದರಿನ ಒಬ್ಬ ತಾಂಡೇಲರು, ಅಂದರೆ ಮೀನುದೋಣಿ ನಡೆಸುವವರು, ನನ್ನ ಶಿಷ್ಯನೊಬ್ಬನ ತಂದೆ. ಹೊಸ ದೋಣಿಯನ್ನು ಮೊದಲ ದಿನ ದಡ ಕಾಣುವಷ್ಟು ದೂರ ಮಾತ್ರ ಒಯ್ಯುತ್ತೇವೆ, ಬಲೆ ಹಾಕುವುದಿಲ್ಲ, ನೀರು ಎಲ್ಲಿ ಒಸರುತ್ತದೆ, ದೋಣಿ ಯಾವ ಕಡೆಗೆ ವಾಲುತ್ತದೆ ಎಂಬುದನ್ನಷ್ಟೇ ನೋಡುತ್ತೇವೆ ಎಂದು ಅವರು ಹೇಳಿದರು. ಯುದ್ಧದಲ್ಲಿ ಹಾರುವವನು ತನ್ನ ವಿಮಾನವನ್ನು ನಂಬಿ ಶತ್ರುವಿನ ಮೇಲೆ ಕಣ್ಣಿಡುತ್ತಾನೆ, ಟೆಸ್ಟ್ ಪೈಲಟ್ ವಿಮಾನದ ಮೇಲೆಯೇ ಕಣ್ಣಿಡಬೇಕು ಎಂಬುದು ನನಗೆ ಆಗ ಹೊಳೆಯಿತು.

ಹಾಗಾಗಿ ಎರಡನೆಯ ಕರಡನ್ನು ಜನನದಿಂದಲ್ಲ, 1959ರ ಮರದ ಗ್ಲೈಡರಿನಿಂದ ಆರಂಭಿಸಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಎಚ್‌ಎಎಲ್‌ನಲ್ಲಿ ರೂಪುಗೊಳ್ಳುತ್ತಿದ್ದ ಮರುತ್ ಜೆಟ್ ಯುದ್ಧವಿಮಾನದ ಆಕಾರದಲ್ಲಿಯೇ, ಅಷ್ಟೇ ಅಳತೆಯಲ್ಲಿ, ಎಂಜಿನ್ ಇಲ್ಲದ ಮರದ ವಿಮಾನವೊಂದನ್ನು ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆದೊಯ್ದು ಬಿಡುತ್ತಿದ್ದರು. ಜೆಟ್ ಇನ್ನೂ ಸಿದ್ಧವಾಗಿರದಿದ್ದರೂ ಅದರ ರೆಕ್ಕೆ ಗಾಳಿಯಲ್ಲಿ ಹೇಗೆ ವರ್ತಿಸುತ್ತದೆಂಬುದು ಹೀಗೆ ತಿಳಿಯುತ್ತಿತ್ತು. ಅಂಥ 86 ಹಾರಾಟಗಳಾದ ಮೇಲೆ, ಇಳಿಯುವಾಗ ಮುಂದಿನ ಗಾಲಿ ಹೊರಬಾರದೆ ಗ್ಲೈಡರ್ ಜಖಂಗೊಂಡಿತು. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇತ್ತು: ಮೊದಲು ಹಾರಿಸುವವರಿಗೆ ಕಲಿಸುವುದು ಇಂಥ ಪರೀಕ್ಷಾ ಹಾರಾಟಗಳೇ.

ಮರುತ್ ಮೊದಲು ಹಾರಿದ ದಿನಕ್ಕೆ ಎರಡು ತಾರೀಖುಗಳು ಸಿಕ್ಕಿ ಎರಡು ವಾರ ಗೊಂದಲಪಟ್ಟೆ. ದಾಸ್ ಅವರು ಅದನ್ನು 1961ರ ಜೂನ್ 17ರಂದು ಸದ್ದಿಲ್ಲದೆ ಹಾರಿಸಿದ್ದರು; ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಅವರ ಮುಂದೆ ಹಾರಿದ್ದು ಜೂನ್ 24ರಂದು. ಸಮಾರಂಭದ ದಿನವೇ ಮೊದಲ ಹಾರಾಟವೆಂದು ಬರೆಯುವ ನಮ್ಮ ಅಭ್ಯಾಸದ ಮೇಲೆ ನನಗೆ ಅಂದಿನಿಂದ ಅನುಮಾನ. 1964ರ ಸೆಪ್ಟೆಂಬರ್ 4ರಂದು ಕಿರಣ್ ತರಬೇತಿ ವಿಮಾನವನ್ನು ಮೊದಲು ಹಾರಿಸಿದವರೂ ಅವರೇ.

ಸಾವಿನ ಪ್ರಸಂಗವನ್ನು ಬರೆಯುವುದೇ ಕಷ್ಟವಾಯಿತು. ಮರುತ್‌ಗೆ ಸಿಕ್ಕ ಆರ್ಫಿಯಸ್ ಎಂಜಿನ್ನಿನ ಬಲ ಅದರ ವಿನ್ಯಾಸಕ್ಕೆ ಸಾಲದಾಗಿತ್ತು. ಹೊರಹೋಗುವ ಬಿಸಿಗಾಳಿಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ರೀಹೀಟ್ ವ್ಯವಸ್ಥೆಯ ಮಾದರಿಯನ್ನು ಹಾರಿಸುತ್ತಿದ್ದಾಗ, 1970ರ ಜನವರಿ 10ರಂದು, ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ‘ವೀರಮರಣ’ ಎಂದು ಬರೆದದ್ದನ್ನು ಹೊಡೆದುಹಾಕಿ, ಎಂಜಿನ್ನಿನ ಕೊರತೆಯ ಕಥೆಯನ್ನು ಅದರ ಹಿಂದೆಯೇ ವಿವರವಾಗಿ ಇಟ್ಟೆ. ಕರಡನ್ನು ಓದಿಸಿಕೊಂಡ ತಾಂಡೇಲರು ಆ ಪುಟ ಮುಗಿದಾಗ ಮಾತಾಡಲಿಲ್ಲ. ಗ್ಲೈಡರಿನ ಪುಟವನ್ನು ಇನ್ನೊಮ್ಮೆ ಓದಲು ಮಗನಿಗೆ ಹೇಳಿದರು.